ಮೊದಲು ಎಣ್ಣೆ, ಆಮೇಲೆ ಹೊಳಪು: ಹಳೆಯ ರ‍್ಯಾಲಿ ಸೈಕಲ್ ಮತ್ತೆ ಓಡಿಸುವ ಬಗೆ

ನನ್ನ ರ‍್ಯಾಲಿ ಸಿಕ್ಕಿದ್ದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪಕ್ಕದ ಬೀಸ್ಟನ್‌ನಲ್ಲಿ, ಒಬ್ಬ ಅಜ್ಜಿಯ ಶೆಡ್ಡಿನಲ್ಲಿ. 40 ಪೌಂಡ್ ಕೊಟ್ಟು ತಂದೆ. ಕಡ್ಡಿಗಳ ತುಂಬ ಜೇಡರ ಬಲೆ, ತಿರುಗದ ಪೆಡಲ್. ಹಿಂದಿನ ಚಕ್ರದ ನಡುವಿನ ಹಬ್ ಒರೆಸಿದಾಗ ‘ಎಡಬ್ಲ್ಯು 62 5’ ಎಂಬ ಅಚ್ಚು ಕಾಣಿಸಿತು. ಸ್ಟರ್ಮಿ ಆರ್ಚರ್ ಕಂಪನಿಯ ಎಡಬ್ಲ್ಯು ಮಾದರಿಯ ಮೂರು ಗೇರಿನ ಹಬ್, 1962ರ ಮೇ ತಿಂಗಳದ್ದು. ಹಬ್ ಬದಲಾಗಿಲ್ಲ ಎಂದರೆ ಸೈಕಲ್ಲಿನ ವಯಸ್ಸೂ ಹೆಚ್ಚು ಕಡಿಮೆ ಅದೇ. ಇದನ್ನು ಕಟ್ಟಿದ ಕಾರ್ಖಾನೆಯೂ ಹತ್ತಿರದಲ್ಲೇ ಇತ್ತು. ಆ ಜಾಗದಲ್ಲಿ ಈಗ ನಾಟಿಂಗ್‌ಹ್ಯಾಮ್ ಯೂನಿವರ್ಸಿಟಿಯ ಜುಬಿಲಿ ಕ್ಯಾಂಪಸ್ ಇದೆ.

ಇಂಥ ಸೈಕಲ್ ಸಿಕ್ಕರೆ ಮೊದಲು ಪೇಂಟಿನ ಡಬ್ಬಿ ದೂರ ಇಡಿ. ಕಪ್ಪು ಬಣ್ಣವನ್ನು ಕಾರ್ಖಾನೆಯಲ್ಲಿ ಒಲೆಯಲ್ಲಿ ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಬ್ರಷ್ಷಿನಲ್ಲಿ ಹಚ್ಚಿದ್ದು ಅದರ ಹತ್ತಿರಕ್ಕೂ ಬರುವುದಿಲ್ಲ. ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ಮೆತ್ತನೆ ಬಟ್ಟೆ, ಕೊನೆಗೆ ಕಾರಿನ ಮೇಣ. ಇಷ್ಟೇ ಸಾಕು. ಚಿನ್ನದ ಬಣ್ಣದ ಅಕ್ಷರ, ಗೆರೆಗಳ ಮೇಲೆ ಮಾತ್ರ ಉಜ್ಜಬೇಡಿ. ಹೋದರೆ ಹೋದವು. ಕ್ರೋಮಿನ ತುಕ್ಕಿಗೆ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ ತಿಕ್ಕಿ.

ಆದರೆ ಇದೆಲ್ಲ ಆಮೇಲಿನ ಮಾತು. ಕೆಲಸ ಶುರುವಾಗಬೇಕಾದ್ದು ಹಿಂದಿನ ಹಬ್ಬಿನಿಂದ. ಸುಮ್ನೆ ಬಿಚ್ಚಬೇಡಿ. ಒಳಗೆ ಕೂದಲಿನಷ್ಟು ತೆಳುವಾದ ಸ್ಪ್ರಿಂಗುಗಳಿವೆ. ಹಬ್ ಮೇಲೆ ಸಣ್ಣ ಮುಚ್ಚಳವಿರುತ್ತದೆ. ಅದನ್ನು ತೆಗೆದು ಒಂದು ಚಮಚ ತೆಳು ಮೆಷಿನ್ ಎಣ್ಣೆ ಬಿಡಿ. ಚಕ್ರ ತಿರುಗಿಸಿ, ಒಂದು ರಾತ್ರಿ ಬಿಡಿ, ಮತ್ತೆ ತಿರುಗಿಸಿ. ಒಳಗಿನ ಎಣ್ಣೆ ವರ್ಷಗಳಲ್ಲಿ ಅಂಟಾಗಿರುತ್ತದೆ, ಅದು ಕರಗಬೇಕು. ನನ್ನದು ನಾಲ್ಕನೇ ದಿನ ‘ಟಿಕ್ ಟಿಕ್’ ಎಂದಿತು. ಆ ಸದ್ದು ಒಳ್ಳೆಯ ಸುದ್ದಿ. ತುಳಿಯುವಾಗ ಎರಡನೇ, ಮೂರನೇ ಗೇರಿನಲ್ಲಿ ಅದು ಕೇಳಿಸಬೇಕು. ಒಂದನೇ ಗೇರಿನಲ್ಲಿ ಸದ್ದಿರುವುದಿಲ್ಲ.

ಆಮೇಲೆ ಗೇರ್ ಕೇಬಲ್. ಲಿವರನ್ನು ಎರಡನೇ ಗೇರಿಗೆ ಹಾಕಿ. ಹಿಂದಿನ ಚಕ್ರದ ಬಲಬದಿಯ ಉದ್ದ ನಟ್ಟಿನಲ್ಲಿ ಒಂದು ಕಿಂಡಿ ಇದೆ, ಅದರೊಳಗೆ ನೋಡಿ. ಪುಟ್ಟ ಚೈನು ಸೇರಿರುವ ಕಡ್ಡಿಯ ತುದಿ ಆ್ಯಕ್ಸೆಲ್ ತುದಿಗೆ ಸಮನಾಗಿ ನಿಲ್ಲಬೇಕು. ಕೇಬಲ್ ಸಡಿಲವಿದ್ದರೆ ಎರಡು ಮತ್ತು ಮೂರನೇ ಗೇರಿನ ನಡುವೆ ಯಾವ ಗೇರೂ ಹಿಡಿಯದ ಜಾಗವೊಂದು ಸಿಗುತ್ತದೆ. ಎದ್ದು ನಿಂತು ತುಳಿಯುವಾಗ ಹಾಗಾದರೆ ಕಾಲು ಜಾರಿ ಬೀಳುತ್ತೀರಿ. ಹೀಗಾಗಿ ಇದನ್ನು ಪ್ರತಿ ತಿಂಗಳೂ ನೋಡಿ.

ಅತಿ ಹೆಚ್ಚು ತಾಳ್ಮೆ ಬೇಕಾಗುವುದು ಕಾಟರ್ ಪಿನ್ನಿಗೆ. ಕ್ರ್ಯಾಂಕನ್ನು, ಅಂದರೆ ಪೆಡಲಿನ ತೋಳನ್ನು, ಆ್ಯಕ್ಸೆಲ್ಲಿಗೆ ಹಿಡಿದಿಡುವ ಬೆಣೆ ಅದು. ನಾನು ಅವಸರದಲ್ಲಿ ಸಣ್ಣ ಸುತ್ತಿಗೆಯಿಂದ ಹತ್ತಾರು ಸಲ ತಟ್ಟಿದೆ. ತುದಿ ಅಣಬೆಯ ಹಾಗೆ ಅರಳಿ ಸಿಕ್ಕಿಹಾಕಿಕೊಂಡಿತು. ಕೊನೆಗೆ ಡ್ರಿಲ್ ಹಾಕಿ ತೆಗೆಯಬೇಕಾಯಿತು, ಒಂದು ಭಾನುವಾರ ಪೂರ್ತಿ ಹೋಯಿತು. ನೀವು ಹೀಗೆ ಮಾಡಿ. ಎರಡು ದಿನ ತುಕ್ಕು ಬಿಡಿಸುವ ಎಣ್ಣೆ ಹಾಕಿ ನೆನೆಸಿ. ಪಿನ್ನನ್ನು ಒತ್ತಿ ಹೊರದಬ್ಬುವ ಕಾಟರ್ ಪ್ರೆಸ್ ಸಿಕ್ಕರೆ ಅದೇ ಒಳ್ಳೆಯದು. ಇಲ್ಲದಿದ್ದರೆ ನಟ್ಟನ್ನು ಪಿನ್ನಿನ ತುದಿಗೆ ಸಮ ಬರುವ ತನಕ ಸಡಿಲಿಸಿ, ಕ್ರ್ಯಾಂಕಿನ ಕೆಳಗೆ ದಪ್ಪ ಕಬ್ಬಿಣದ ಪೈಪನ್ನು ನೆಲಕ್ಕೆ ಊರಿ ನಿಲ್ಲಿಸಿ. ಭಾರದ ಸುತ್ತಿಗೆಯಿಂದ ಒಂದೇ ಗಟ್ಟಿ ಏಟು. ಪೈಪ್ ಇಲ್ಲದಿದ್ದರೆ ಆ ಏಟು ಬೇರಿಂಗಿಗೆ ಬೀಳುತ್ತದೆ. ನಾಟಿಂಗ್‌ಹ್ಯಾಮ್ ರ‍್ಯಾಲಿಗೆ ಸಾಮಾನ್ಯವಾಗಿ 9.5 ಮಿ.ಮೀ. ಪಿನ್ ಬೇಕು. ಹಾಕುವಾಗ ಎರಡೂ ಪಿನ್ನುಗಳು ಎದುರುಬದುರು ದಿಕ್ಕಿನಿಂದ ಹೋಗಬೇಕು, ಇಲ್ಲದಿದ್ದರೆ ಎರಡು ಪೆಡಲ್ ಒಂದೇ ನೇರಕ್ಕೆ ಬರುವುದಿಲ್ಲ.

ಕ್ರ್ಯಾಂಕ್ ಕಳಚಿ ಬಂದ ಮೇಲೆ ಒಳಗಿನ ಬೇರಿಂಗ್ ಕಪ್ಪುಗಳನ್ನು (ಗುಂಡುಗಳು ಕೂರುವ ಬಟ್ಟಲುಗಳನ್ನು) ಸೀಮೆಎಣ್ಣೆಯಲ್ಲಿ ತೊಳೆದು ಅವನ್ನೇ ಮತ್ತೆ ಹಾಕಿ. ಎಸೆಯಬೇಡಿ. ರ‍್ಯಾಲಿಯ ಥ್ರೆಡ್ ಇಂಚಿಗೆ 26, ಈಗ ಸಿಗುವ ಕಪ್ಪುಗಳದ್ದು 24. ಒಂದಕ್ಕೊಂದು ಕೂರುವುದಿಲ್ಲ. ಗುಂಡುಗಳು ಮಾತ್ರ ಹೊಸವು ಇರಲಿ: ಕಾಲಿಂಚಿನವು, ಬದಿಗೆ 11.

ಟಯರ್ ತರುವಾಗಲೂ ಇಂಥದ್ದೇ ಎಚ್ಚರ. 28 × 1½ ಎಂದರೆ 635 ಮಿ.ಮೀ. ರಿಮ್ಮಿನದು. ಬರೀ ‘28 ಇಂಚು’ ಎಂದು ಕೇಳಿದರೆ 622ರದ್ದು ಕೈಗೆ ಬರುತ್ತದೆ, ಹಾಕಲು ಬರುವುದಿಲ್ಲ.

ಕೇಬಲ್ ಬದಲು ಸರಳುಗಳಿಂದ ಎಳೆಯುವ ರಾಡ್ ಬ್ರೇಕಿನ ಒಂದು ಗುಟ್ಟು ಗೊತ್ತಿರಲಿ. ಇದರ ಬ್ರೇಕ್ ರಬ್ಬರುಗಳು ರಿಮ್ಮಿನ ಪಕ್ಕಕ್ಕೆ ಒತ್ತುವುದಿಲ್ಲ, ಒಳಮುಖಕ್ಕೆ ಒತ್ತುತ್ತವೆ. ಹಾಗಾಗಿ ಚಕ್ರದ ಅಡ್ಡ ಬೆಂಡ್ ತೆಗೆದರೆ ಸಾಲದು, ಅದು ಮೇಲೆ ಕೆಳಗೆ ಕುಣಿಯಲೂಬಾರದು. ಕುಣಿದರೆ ಬ್ರೇಕ್ ಒಂದು ಕಡೆ ಕಚ್ಚಿ ಇನ್ನೊಂದು ಕಡೆ ಬಿಡುತ್ತದೆ. ಕಡ್ಡಿ ಬಿಗಿಮಾಡಲು ನನಗೆ ಮೂರು ಸಂಜೆ ಹಿಡಿಯಿತು. ಆ ಮೂರು ಸಂಜೆ ಖಂಡಿತ ಕೊಡಿ.

ಬ್ರೂಕ್ಸ್ ಚರ್ಮದ ಸೀಟು ಇದ್ದರೆ ಅಡುಗೆ ಎಣ್ಣೆ ಹಚ್ಚಬೇಡಿ, ಜೋಲು ಬೀಳುತ್ತದೆ. ಚರ್ಮದ ಮೇಣವನ್ನು ಮೇಲೂ ಅಡಿಯಲ್ಲೂ ತೆಳ್ಳಗೆ ಹಚ್ಚಿ.

ಇನ್ನು ಓಡಿಸುವುದು. ನನ್ನದು 19 ಕೆಜಿ ತೂಗುತ್ತದೆ. ಬೆನ್ನು ನೆಟ್ಟಗೆ, ಕಣ್ಣು ಬೇಲಿಯ ಮೇಲಿಂದ ಹೊಲ ಕಾಣುವ ಎತ್ತರದಲ್ಲಿ. ಗೇರ್ ಬದಲಿಸುವಾಗ ಒಂದು ಕ್ಷಣ ತುಳಿಯುವುದನ್ನು ನಿಲ್ಲಿಸಿ. ಏರಿನಲ್ಲಿ ಕಷ್ಟವಾದರೆ ಹಿಂದಿನ 18 ಹಲ್ಲಿನ ಚಕ್ರ ತೆಗೆದು 22ರದ್ದು ಹಾಕಿ. ನಾನು ಹಾಗೆ ಮಾಡಿದ ಮೇಲೆ ಡರ್ಬಿ ರಸ್ತೆಯ ಏರಿನಲ್ಲಿ ಇಳಿದು ತಳ್ಳುವುದು ತಪ್ಪಿತು. ಮಳೆಯಲ್ಲಿ ಮಾತ್ರ ತುಂಬ ಹುಷಾರು. ಒದ್ದೆ ಸ್ಟೀಲ್ ರಿಮ್ಮನ್ನು ಬ್ರೇಕ್ ಹಿಡಿಯುವುದೇ ಇಲ್ಲ ಎನ್ನಬಹುದು. ಬಹಳ ಮುಂಚೆಯೇ ಮೆಲ್ಲಗೆ ಒತ್ತಿ ನೀರು ಒರೆಸಿಕೊಳ್ಳಿ. ಕತ್ತಲಾದ ಮೇಲೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ, ಜೊತೆಗೆ ಹಿಂದೆ ಕೆಂಪು ರಿಫ್ಲೆಕ್ಟರ್ ಇಲ್ಲಿನ ಕಾನೂನು.

ಮೊದಲ ಸವಾರಿಗೆ ಬೀಸ್ಟನ್ ಕಾಲುವೆಯ ದಾರಿಯಂಥ ಸಪಾಟು ಜಾಗ ಹಿಡಿಯಿರಿ. ಜೇಬಿನಲ್ಲಿ ಸ್ಪ್ಯಾನರ್ ಇರಲಿ. ಹತ್ತು ಮೈಲಿ ಆದ ಮೇಲೆ ಇಳಿದು ಕಾಟರ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಹೊಸ ಪಿನ್ ಅಷ್ಟರಲ್ಲಿ ಸ್ವಲ್ಪ ಒಳಗೆ ಕೂತಿರುತ್ತದೆ, ನಟ್ ಅರ್ಧ ಸುತ್ತು ತಿರುಗುತ್ತದೆ.