ಕ್ಯಾಟ್ ವರ್ಬಲ್: ಕೊನೆಗೆ ಉಳಿದ ಎರಡು ಆಯ್ಕೆಗಳಲ್ಲಿ ಸರಿಯಾದದ್ದನ್ನು ಹಿಡಿಯುವುದು ಹೇಗೆ?

ಪ್ರತಿ ವರ್ಷ ಅಕ್ಟೋಬರ್ ಬಂತೆಂದರೆ ಬಾಗಲಕೋಟೆ ವಿದ್ಯಾಗಿರಿಯ ನಮ್ಮ ಮನೆಗೆ ಮೂರು ನಾಲ್ಕು ಹುಡುಗರು ಕ್ಯಾಟ್, ಅಂದರೆ ಎಂಬಿಎ ಪ್ರವೇಶ ಪರೀಕ್ಷೆಯ ಮಾಕ್ ಟೆಸ್ಟಿನ (ಅಭ್ಯಾಸ ಪರೀಕ್ಷೆಯ) ಪ್ರಿಂಟ್ ಹಿಡಿದುಕೊಂಡು ಬರುತ್ತಾರೆ. ಬಿ.ಕಾಂ ಮುಗಿಸಿದವರು, ಎಂಜಿನಿಯರಿಂಗ್ ಕೊನೆಯ ವರ್ಷದವರು. ಇಳಕಲ್ಲು, ಗುಳೇದಗುಡ್ಡದಿಂದ ಬಸ್ ಹಿಡಿದು ಬರುವವರೂ ಇದ್ದಾರೆ. ಎಲ್ಲರದ್ದೂ ಒಂದೇ ಮಾತು. "ಸರ್, ಲೆಕ್ಕ ಬರ್ತಾವ್ರಿ. ಇಂಗ್ಲಿಷ್ ಅಷ್ಟ ಬರಂಗಿಲ್ಲ."

ಪ್ರಿಂಟ್ ಬಿಡಿಸಿ ನೋಡಿದರೆ ಬೇರೆಯದೇ ಕಾಣುತ್ತದೆ. ತಪ್ಪಾದ ಬಹಳಷ್ಟು ಪ್ರಶ್ನೆಗಳಲ್ಲಿ ಇವರು ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಸರಿಯಾಗಿಯೇ ಹೊಡೆದು ಹಾಕಿರುತ್ತಾರೆ. ಉಳಿದ ಎರಡರಲ್ಲಿ ತಪ್ಪಾದದ್ದನ್ನು ಒತ್ತಿರುತ್ತಾರೆ. ಇಂಗ್ಲಿಷ್ ಬಾರದವನಿಗೆ ಆ ಮೊದಲ ಎರಡನ್ನು ಹೊಡೆಯುವುದೂ ಆಗುತ್ತಿರಲಿಲ್ಲ, ಅಲ್ವಾ? ಅಂದರೆ ಭಾಷೆ ಇದೆ. ಓದುವ ರೀತಿ ಮತ್ತು ಆರಿಸುವ ರೀತಿ ಸರಿಯಾಗಬೇಕು. ಅದನ್ನು ಕಲಿಯಬಹುದು, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರೂ ಕಲಿಯಬಹುದು. ಕಲಿತವರನ್ನು ನೋಡಿದ್ದೇನೆ.

ಮೊದಲು ಪರೀಕ್ಷೆ ಹೇಗಿದೆ ತಿಳಿದುಕೊಳ್ಳಿ

ಕ್ಯಾಟ್ ಪರೀಕ್ಷೆಯನ್ನು ಮ್ಯಾನೇಜ್ಮೆಂಟ್ ಕಲಿಸುವ ಐಐಎಂಗಳು ಸರದಿಯಂತೆ ನಡೆಸುತ್ತವೆ, ಸಾಮಾನ್ಯವಾಗಿ ನವೆಂಬರಿನ ಕೊನೆಯ ರವಿವಾರ. ಒಟ್ಟು 120 ನಿಮಿಷ, ಮೂರು ವಿಭಾಗ, ಒಂದೊಂದಕ್ಕೆ 40 ನಿಮಿಷ. ವರ್ಬಲ್, ಅಂದರೆ ಇಂಗ್ಲಿಷ್ ವಿಭಾಗವೇ ಮೊದಲು ಬರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಇದರಲ್ಲಿ 24 ಪ್ರಶ್ನೆಗಳಿವೆ. ನಾಲ್ಕು ಪ್ಯಾಸೇಜ್ (ಓದಿ ಉತ್ತರಿಸಬೇಕಾದ ಗದ್ಯಭಾಗ), ಒಂದೊಂದಕ್ಕೆ ನಾಲ್ಕು ಪ್ರಶ್ನೆಯಂತೆ 16. ಉಳಿದ ಎಂಟು ಪ್ರಶ್ನೆಗಳು ವಾಕ್ಯ ಜೋಡಿಸುವುದು, ಗುಂಪಿಗೆ ಸೇರದ ವಾಕ್ಯ ಹುಡುಕುವುದು, ಸಾರಾಂಶ ಆರಿಸುವುದು, ಬಿಟ್ಟುಹೋದ ವಾಕ್ಯ ಎಲ್ಲಿ ಕೂರುತ್ತದೆ ಎಂದು ಹೇಳುವುದು. ಸರಿ ಉತ್ತರಕ್ಕೆ 3 ಅಂಕ. ಆಯ್ಕೆ ಇರುವ ಪ್ರಶ್ನೆ ತಪ್ಪಾದರೆ 1 ಅಂಕ ಕಡಿತ. ಉತ್ತರವನ್ನು ನಾವೇ ಟೈಪ್ ಮಾಡುವ ಪ್ರಶ್ನೆಗಳಿಗೆ ಕಡಿತ ಇಲ್ಲ.

ಇದರಲ್ಲಿ ಗಮನಿಸಿ: ಸಮಾನಾರ್ಥಕ ಪದ, ವಿರುದ್ಧ ಪದ, ವ್ಯಾಕರಣ ತಪ್ಪು ತಿದ್ದುವ ಪ್ರಶ್ನೆ ಇಲ್ಲವೇ ಇಲ್ಲ. ಆದರೂ ಹುಡುಗರು ಸಾವಿರಾರು ಪದಗಳ ದಪ್ಪ ಪುಸ್ತಕ ಕೊಂಡು ಎರಡು ತಿಂಗಳು ಬಾಯಿಪಾಠ ಮಾಡುತ್ತಾರೆ. ಕ್ಯಾಟ್‌ಗಾಗಿ ಅದನ್ನು ಕೊಳ್ಳಲೇಬೇಡಿ. ಪದಗಳನ್ನು ನೇರವಾಗಿ ಕೇಳುವ ಬೇರೆ ಪರೀಕ್ಷೆಗಳಿವೆ, ಅವನ್ನೂ ಬರೆಯುವವರು ಮಾತ್ರ ಅದಕ್ಕೆ ಸಮಯ ಕೊಡಲಿ.

ದಿನಕ್ಕೊಂದು ಪ್ರಬಂಧ, ಪ್ಯಾರಾಕ್ಕೊಂದು ಸಾಲು

"ದಿನಾ ಇಂಗ್ಲಿಷ್ ಪೇಪರ್ ಓದು" ಎಂದು ಎಲ್ಲರೂ ಹೇಳುತ್ತಾರೆ. ಓದಿ, ತಪ್ಪಿಲ್ಲ. ಆದರೆ ಸುದ್ದಿ ಓದುವ ಅಭ್ಯಾಸ ಇಲ್ಲಿ ಸಾಲದು. ಪರೀಕ್ಷೆಯ ಪ್ಯಾಸೇಜ್ ಸುಮಾರು 500 ಪದಗಳ ವಾದ. ಲೇಖಕ ಒಂದು ಮಾತು ಒಪ್ಪಿಕೊಂಡು, ಇನ್ನೊಂದನ್ನು ಪ್ರಶ್ನಿಸಿ, ಸುತ್ತಿ ಬಳಸಿ ತನ್ನ ಮಾತಿಗೆ ಬರುತ್ತಾನೆ. ವಿಷಯ ಇತಿಹಾಸ ಇರಬಹುದು, ಭಾಷೆ, ಪರಿಸರ, ಅರ್ಥಶಾಸ್ತ್ರ, ಕಲೆ ಏನೂ ಇರಬಹುದು. ಅದಕ್ಕೇ ಉದ್ದನೆಯ ಪ್ರಬಂಧಗಳನ್ನು ಓದಬೇಕು. ಏಯಾನ್ ಎಂಬ ಜಾಲತಾಣದಲ್ಲಿ ಇಂಥವು ಉಚಿತವಾಗಿ ಸಿಗುತ್ತವೆ. ಕ್ಯಾಟ್ ಪ್ಯಾಸೇಜುಗಳೂ ಅಲ್ಲಿಂದ ಬಂದಿವೆ. ದಿನಕ್ಕೆ ಒಂದು ಸಾಕು. ನಿಮಗೆ ಇಷ್ಟವಿಲ್ಲದ ವಿಷಯವನ್ನೇ ವಾರದಲ್ಲಿ ಮೂರು ದಿನ ಆರಿಸಿಕೊಳ್ಳಿ.

ಓದುವಾಗ ನಮ್ಮ ಹುಡುಗರು ಒಂದು ತಪ್ಪು ಮಾಡುತ್ತಾರೆ. ಒಂದೊಂದು ಪದವನ್ನೂ ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸುತ್ತಾ ಹೋಗುತ್ತಾರೆ. ಗೊತ್ತಿಲ್ಲದ ಪದ ಬಂದಾಗ ಗಾಡಿ ನಿಂತುಬಿಡುತ್ತದೆ. ಮೊಬೈಲ್ ತೆಗೆದು ಅರ್ಥ ನೋಡುತ್ತಾರೆ, ಅಷ್ಟರಲ್ಲಿ ಹಿಂದಿನ ವಾಕ್ಯ ಮರೆತುಹೋಗಿರುತ್ತದೆ. ಹಾಗಂತ "ಇಂಗ್ಲಿಷಿನಲ್ಲೇ ಯೋಚಿಸು" ಎಂದು ನಾನು ಯಾರಿಗೂ ಹೇಳುವುದಿಲ್ಲ. ಕನ್ನಡವನ್ನು ಬಿಡಬೇಡಿ, ಅದು ಬರುವ ಜಾಗ ಬದಲಿಸಿ. ಒಂದು ಪ್ಯಾರಾ ಪೂರ್ತಿ ಇಂಗ್ಲಿಷಿನಲ್ಲೇ ಓದಿ, ಎಲ್ಲೂ ನಿಲ್ಲಬೇಡಿ. ಪ್ಯಾರಾ ಮುಗಿದ ಮೇಲೆ ತಲೆ ಎತ್ತಿ ನಿಮ್ಮನ್ನೇ ಕೇಳಿಕೊಳ್ಳಿ: "ಅಂವ ಏನ್ ಹೇಳಾಕತ್ತಾನ?" ಮನೆಯಲ್ಲಿ ಆಡುವ ಕನ್ನಡದಲ್ಲೇ ಒಂದು ಸಾಲಿನ ಉತ್ತರ ಹೇಳಿ. ಒಂದೇ ಸಾಲು.

ಉದಾಹರಣೆಗೆ, "ಈ ಪ್ಯಾರಾ ನಗರಗಳ ಬಗ್ಗೆ ಇದೆ" ಎಂದರೆ ಅದು ಉತ್ತರವಲ್ಲ, ಅದು ಬರೀ ವಿಷಯ. "ನಗರ ಬೆಳೆದರೆ ಬಡವರಿಗೆ ಒಳ್ಳೇದಾಗತೈತಿ ಅಂತ ಎಲ್ಲಾರೂ ಅಂತಾರ, ಇಂವ ಅದನ್ನ ಒಪ್ಪಂಗಿಲ್ಲ" ಎಂದರೆ ಅದು ಉತ್ತರ. ಲೇಖಕನ ನಿಲುವು ಅದರಲ್ಲಿ ಇರಬೇಕು. ಹೌಎವರ್, ಯೆಟ್, ಬಟ್ ಎಂಬ ಪದಗಳು ಬಂದಾಗ ಎಚ್ಚರ ಇರಲಿ. ಲೇಖಕನ ಸ್ವಂತ ಮಾತು ಹೆಚ್ಚಾಗಿ ಅವುಗಳ ನಂತರವೇ ಬರುತ್ತದೆ. ಡಿಕ್ಷನರಿ ನೋಡಲೇಬೇಕೆಂದರೆ ಪ್ರಬಂಧ ಪೂರ್ತಿ ಮುಗಿದ ಮೇಲೆ ನೋಡಿ.

ಈಗ ಕೆಲವರು ಪ್ರಬಂಧವನ್ನು ಎಐಗೆ ಕೊಟ್ಟು ಸಾರಾಂಶ ಬರೆಸಿಕೊಂಡು ಓದುತ್ತಾರೆ. ಇದರಿಂದ ಏನೂ ಸಿಗುವುದಿಲ್ಲ. ಸಾರಾಂಶ ತೆಗೆಯುವ ಶ್ರಮವೇ ಇಲ್ಲಿ ಅಭ್ಯಾಸ. ನಿಮ್ಮ ಸಾಲು ಬರೆದಾದ ಮೇಲೆ ಹೋಲಿಸಿ ನೋಡಲು ಬೇಕಾದರೆ ಬಳಸಿ. ಮತ್ತೆ, ಓದುವುದು ಮೊಬೈಲಿನಲ್ಲಿ ಬೇಡ. ಪರೀಕ್ಷೆ ಕಂಪ್ಯೂಟರಿನಲ್ಲಿ ಇರುತ್ತದೆ. ಮನೆಯಲ್ಲಿ ಇಲ್ಲದಿದ್ದರೆ ಕಾಲೇಜಿನ ಲ್ಯಾಬಿನಲ್ಲಿ ಅರ್ಧ ಗಂಟೆ ಕೇಳಿ ಪಡೆಯಿರಿ.

ಆಯ್ಕೆ ಆರಿಸುವುದು: ಎಲ್ಲರೂ ಎಡವುವುದು ಇಲ್ಲೇ

ಇದನ್ನು ಕನ್ನಡದ ಒಂದು ಚಿಕ್ಕ ಪ್ಯಾಸೇಜಿನ ಮೂಲಕವೇ ತೋರಿಸುತ್ತೇನೆ. ತೊಡಕು ಇಂಗ್ಲಿಷಿನದ್ದಲ್ಲ ಎಂದು ನಿಮಗೇ ಗೊತ್ತಾಗಲಿ. ಇದು ನಾನೇ ಬರೆದದ್ದು, ಮನೆಗೆ ಬರುವ ಹುಡುಗರಿಗೆ ಮೊದಲ ದಿನ ಇದನ್ನೇ ಕೊಡುತ್ತೇನೆ.

"ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಬಗ್ಗೆ ಬರೆಯುವವರು ಪರಿಹಾರದ ಹಣದ ಲೆಕ್ಕ ಕೇಳುತ್ತಾರೆ. ಅದು ಬೇಕಾದ ಲೆಕ್ಕವೇ. ಆದರೆ ಹೊಸ ಊರಿನಲ್ಲಿ ಅಗಲ ರಸ್ತೆ, ಸಾಲಾದ ಸೆಕ್ಟರು ಸಿಕ್ಕ ಮೇಲೂ ಕೆಲವರು ಹಳೆ ಪೇಟೆಗೇ ಹೋಗಿ ಸಂತೆ ಮಾಡುತ್ತಾರೆ. ಹೊಸ ಊರು ಅವರಿಗೆ ಬೇಡವಾಗಿದೆ ಎಂದಲ್ಲ. ಹಳೆ ಪೇಟೆಯ ಅಂಗಡಿಯವನಿಗೆ ಇವರ ಅಪ್ಪನ ಗುರುತಿದೆ, ಉದ್ರಿ ಕೊಡುತ್ತಾನೆ. ಆ ಗುರುತು ಪರಿಹಾರದ ಯಾವ ಪಟ್ಟಿಯಲ್ಲೂ ಇಲ್ಲ."

ಪ್ರಶ್ನೆ: ಲೇಖಕರು ಯಾವ ಮಾತನ್ನು ಒಪ್ಪುತ್ತಾರೆ?

ಅ) ಮುಳುಗಡೆಯಾದ ಊರಿನವರಿಗೆ ಸಿಕ್ಕ ಪರಿಹಾರದ ಹಣ ಸಾಲದು.
ಆ) ಹೊಸ ಊರಿಗೆ ಹೋದವರು ಹಳೆ ಊರನ್ನೇ ಹೆಚ್ಚು ಇಷ್ಟಪಡುತ್ತಾರೆ.
ಇ) ಊರು ಬಿಟ್ಟಾಗ ಆಗುವ ನಷ್ಟವೆಲ್ಲ ಹಣದ ಲೆಕ್ಕದಲ್ಲಿ ಕಾಣುವುದಿಲ್ಲ.
ಈ) ಪರಿಹಾರ ಕೊಡುವಾಗ ಹಣಕ್ಕಿಂತ ಜನರ ನಂಟಿಗೆ ಹೆಚ್ಚು ಬೆಲೆ ಕೊಡಬೇಕು.

ಬಾಗಲಕೋಟೆಯ ಹುಡುಗರು ಇದರಲ್ಲಿ "ಅ" ಆರಿಸುತ್ತಾರೆ. ಯಾಕೆ ಎಂದು ನನಗೆ ಗೊತ್ತು. ಆಲಮಟ್ಟಿ ಹಿನ್ನೀರಿಗೆ ಊರಿನ ಭಾಗ ಹೋಗಿದ್ದನ್ನು, ನವನಗರಕ್ಕೆ ಮನೆ ಸಾಗಿಸಿದ್ದನ್ನು ಅವರು ಮನೆಯಲ್ಲಿ ಕೇಳುತ್ತಾ ಬೆಳೆದಿದ್ದಾರೆ. ಪರಿಹಾರ ಸಾಲದು ಎಂಬ ಮಾತನ್ನು ಅವರ ಅಜ್ಜ ನೂರು ಸಲ ಹೇಳಿರುತ್ತಾರೆ. ಆದರೆ ಈ ಪ್ಯಾಸೇಜಿನಲ್ಲಿ ಹಣ ಕಡಿಮೆಯಾಯಿತು ಎಂದು ಎಲ್ಲಿದೆ? ಬೆರಳಿಟ್ಟು ತೋರಿಸಿ ಎನ್ನುತ್ತೇನೆ. ತೋರಿಸಲು ಆಗುವುದಿಲ್ಲ. ಜಗತ್ತಿನಲ್ಲಿ ನಿಜವಾದ ಮಾತು ಪ್ಯಾಸೇಜಿನಲ್ಲಿ ಇಲ್ಲದಿದ್ದರೆ ಅದು ತಪ್ಪು ಉತ್ತರವೇ. ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದ ಪ್ಯಾಸೇಜ್ ಬಂದಾಗ ಜಾಸ್ತಿ ಎಚ್ಚರ ಬೇಕು.

"ಆ" ನೋಡಿ. ಪ್ಯಾಸೇಜಿನಲ್ಲಿ "ಕೆಲವರು" ಇದ್ದಾರೆ, ಆಯ್ಕೆಯಲ್ಲಿ ಎಲ್ಲರೂ ಆಗಿದ್ದಾರೆ. ಜೊತೆಗೆ "ಬೇಡವಾಗಿದೆ ಎಂದಲ್ಲ" ಎಂದು ಲೇಖಕರು ಬಾಯಿಬಿಟ್ಟು ಹೇಳಿದ್ದಾರೆ. ಇದನ್ನು ಹೆಚ್ಚಿನವರು ಹೊಡೆದು ಹಾಕುತ್ತಾರೆ.

"ಅ" ತಪ್ಪಿಸಿಕೊಂಡವರು ಕೊನೆಗೆ "ಇ" ಮತ್ತು "ಈ" ಹಿಡಿದುಕೊಂಡು ಕೂರುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ಚೆಂದ ಎಂದು ತೂಗುತ್ತಾರೆ. "ಈ" ಗಟ್ಟಿಯಾಗಿ, ದೊಡ್ಡ ಮಾತಿನಂತೆ ಕೇಳಿಸುತ್ತದೆ. ಅದನ್ನೇ ಒತ್ತಿಬಿಡುತ್ತಾರೆ.

ನಾನು ಹೇಳಿಕೊಡುವುದು ಇಷ್ಟು: ಉಳಿದ ಎರಡು ಆಯ್ಕೆಗಳನ್ನು ಒಂದಕ್ಕೊಂದು ಹೋಲಿಸಬೇಡಿ. ಒಂದೊಂದನ್ನೇ ಪ್ಯಾಸೇಜಿಗೆ ಹೋಲಿಸಿ. ಸರಿಯಾದದ್ದು ಯಾವುದು ಎಂದು ಹುಡುಕಬೇಡಿ, ಹಾಳಾದ ಪದ ಎಲ್ಲಿದೆ ಎಂದು ಹುಡುಕಿ. ತಪ್ಪು ಆಯ್ಕೆಯಲ್ಲಿ ಹೆಚ್ಚಿನ ಸಲ ಮುಕ್ಕಾಲು ಪಾಲು ಸರಿಯೇ ಇರುತ್ತದೆ. ಒಂದು ಪದ ಮಾತ್ರ ಹಾಳಾಗಿರುತ್ತದೆ. "ಈ"ಯಲ್ಲಿ ಆ ಪದ "ಹಣಕ್ಕಿಂತ". ಲೇಖಕರು ಎರಡನ್ನೂ ತಕ್ಕಡಿಯಲ್ಲಿ ಇಟ್ಟೇ ಇಲ್ಲ. ಹಣದ ಲೆಕ್ಕ ಬೇಕಾದದ್ದೇ ಎಂದಿದ್ದಾರೆ. ಇನ್ನೊಂದು ಪದ "ಕೊಡಬೇಕು". ಲೇಖಕರು ಒಂದು ಸಂಗತಿ ತೋರಿಸಿದರು, ಸಲಹೆ ಕೊಡಲಿಲ್ಲ. "ಇ" ಸಪ್ಪೆಯಾಗಿದೆ, ಆದರೆ ಅದರಲ್ಲಿ ಹೆಚ್ಚಿನ ಮಾತು ಒಂದೂ ಇಲ್ಲ. ಅದೇ ಸರಿ.

ಹಾಳಾದ ಪದ ಹುಡುಕುವಾಗ ಮೂರು ಕಡೆ ನೋಡಿ. ಅಳತೆ ಬದಲಾಗಿದೆಯಾ, ಅಂದರೆ ಕೆಲವು ಹೋಗಿ ಎಲ್ಲ ಆಗಿದೆಯಾ, ಆಗಬಹುದು ಎಂಬುದು ಆಗೇ ಆಗುತ್ತದೆ ಎಂದಾಗಿದೆಯಾ? ಇಲ್ಲದ ಹೋಲಿಕೆ ಅಥವಾ ಇಲ್ಲದ ಕಾರಣ ಸೇರಿಕೊಂಡಿದೆಯಾ? ಲೇಖಕ ಬೇರೆಯವರ ಮಾತು ಎಂದು ಹೇಳಿದ್ದನ್ನು ಅವನದೇ ಮಾತು ಮಾಡಿದ್ದಾರಾ? ಪ್ಯಾರಾಕ್ಕೊಂದು ಸಾಲು ಹೇಳುವ ಅಭ್ಯಾಸ ಇದ್ದವರಿಗೆ ಈ ಕೊನೆಯದು ತಟ್ಟನೆ ಕಾಣುತ್ತದೆ.

ಅಡ್ಡದಾರಿಗಳನ್ನು ಹೇಳಿಕೊಡುವ ವಿಡಿಯೊಗಳು ಬಹಳ ಇವೆ. "ಮೊದಲ ಸಾಲು, ಕೊನೆಯ ಸಾಲು ಓದಿದರೆ ಸಾಕು", "ಉದ್ದದ ಆಯ್ಕೆಯೇ ಸರಿ", "ಓನ್ಲಿ, ಆಲ್ವೇಸ್ ಇದ್ದರೆ ಕಣ್ಣು ಮುಚ್ಚಿ ತೆಗೆದುಹಾಕಿ". ಒಂದನ್ನೂ ನಂಬಬೇಡಿ. ಲೇಖಕನೇ ಓನ್ಲಿ ಎಂದಿದ್ದರೆ ಆಯ್ಕೆಯಲ್ಲೂ ಓನ್ಲಿ ಇರಬಹುದು. ಪ್ರಶ್ನೆಗಳನ್ನು ಮೊದಲು ಓದುವ ಪದ್ಧತಿಯೂ ನನಗೆ ಸೇರುವುದಿಲ್ಲ. ನಾಲ್ಕು ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡು ಓದಿದರೆ ಲೇಖಕನ ವಾದ ಕೈಗೆ ಸಿಗುವುದಿಲ್ಲ.

ಉಳಿದ ಎಂಟು ಪ್ರಶ್ನೆ

ವಾಕ್ಯ ಜೋಡಿಸುವ ಪ್ರಶ್ನೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾಕ್ಯ, ಆಯ್ಕೆ ಇರುವುದಿಲ್ಲ. 24 ರೀತಿ ಜೋಡಿಸಬಹುದು, ಆದ್ದರಿಂದ ಸುಮ್ನೆ ಊಹಿಸಿದರೆ ಸಿಗುವುದು ಕಷ್ಟ. ಮೊದಲ ವಾಕ್ಯ ಹುಡುಕುತ್ತಾ ಕೂರುವ ಬದಲು ಬಿಡಿಸಲಾಗದ ಒಂದು ಜೋಡಿ ಹುಡುಕಿ. ದಿಸ್, ದೀಸ್, ಸಚ್, ಹೀ ಎಂದು ಬಂದರೆ ಅದು ಯಾರನ್ನು, ಯಾವುದನ್ನು ತೋರಿಸುತ್ತಿದೆ ಎಂದು ನೋಡಿ. ಹಾಗೆ ತೋರಿಸಿದ ವ್ಯಕ್ತಿ ಅಥವಾ ವಿಷಯ ಇರುವ ವಾಕ್ಯ ಮೊದಲು ಬರಬೇಕು. ಅಂಕ ಕಡಿತ ಇಲ್ಲವಾದ್ದರಿಂದ ಖಾಲಿ ಬಿಡಬೇಡಿ. ಗುಂಪಿಗೆ ಸೇರದ ವಾಕ್ಯದ ಪ್ರಶ್ನೆಯಲ್ಲೂ ಹೀಗೆಯೇ. ಸಾರಾಂಶದ ಪ್ರಶ್ನೆಗೆ ಮೇಲಿನ ಹಾಳಾದ ಪದದ ವಿಧಾನವೇ ಸಾಕು.

ಮಾಕ್ ಬರೆದರೆ ಆಯಿತೇ?

ಆಗಲಿಲ್ಲ. ವಾರಕ್ಕೊಂದು ಮಾಕ್ ಬರೆದು ಮೂರು ಗಂಟೆ ಅದನ್ನು ಬಿಡಿಸಿ ನೋಡುವವನು, ದಿನಕ್ಕೊಂದು ಬರೆದು ಅಂಕ ಮಾತ್ರ ನೋಡುವವನಿಗಿಂತ ಮುಂದೆ ಹೋಗುತ್ತಾನೆ. ಒಂದು ನೋಟ್‌ಬುಕ್ ಇಡಿ. ತಪ್ಪಾದ ಪ್ರತಿ ಪ್ರಶ್ನೆಗೆ ಎರಡು ಸಾಲು: ಯಾವ ಪದ ನನ್ನನ್ನು ಎಳೆಯಿತು, ಪ್ಯಾಸೇಜಿನ ಯಾವ ಸಾಲು ಅದನ್ನು ತಡೆಯಬೇಕಿತ್ತು. "ಅವಸರ ಮಾಡಿದೆ" ಎಂದು ಬರೆಯಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. ಕಳೆದ ವರ್ಷ ಒಬ್ಬ ಹುಡುಗಿ ಆರು ಮಾಕ್‌ಗಳ ನೋಟ್‌ಬುಕ್ ತಂದು ತೋರಿಸಿದಳು. ತಪ್ಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಬಗೆಯವು, ಬೇರೆಯವರ ಮಾತನ್ನು ಲೇಖಕನ ಮಾತು ಎಂದು ತಿಳಿದದ್ದು. "ತಂಗಿ, ಇದೊಂದ ಸರಿ ಮಾಡ್ಕೊ" ಎಂದೆ. ಅವಳು ಅಷ್ಟನ್ನೇ ಮಾಡಿದಳು, ಅಂಕ ಏರಿತು.

ಪ್ರಶ್ನೆಗಳು ಒಳ್ಳೆಯವಾಗಿರಬೇಕು. ಟೆಲಿಗ್ರಾಂನಲ್ಲಿ ಸಿಗುವ ಎಷ್ಟೋ ಪಿಡಿಎಫ್‌ಗಳಲ್ಲಿ ಉತ್ತರವೇ ತಪ್ಪಿರುತ್ತದೆ. ಹುಡುಗರು ತಮ್ಮ ಸರಿಯಾದ ಯೋಚನೆಯನ್ನೇ ಬದಲಿಸಿಕೊಂಡು ಕೆಡುತ್ತಾರೆ. ಹಳೆಯ ಕ್ಯಾಟ್ ಪತ್ರಿಕೆಗಳೇ ಎಲ್ಲಕ್ಕಿಂತ ಒಳ್ಳೆಯವು. ಒಂದೇ ಪತ್ರಿಕೆಯನ್ನು ಎರಡು ತಿಂಗಳು ಬಿಟ್ಟು ಮತ್ತೆ ಬಿಡಿಸಿ.

ಸಮಯದ ಲೆಕ್ಕ ಹೀಗೆ: ಪ್ಯಾಸೇಜುಗಳಿಗೆ 30 ನಿಮಿಷ, ಉಳಿದದ್ದಕ್ಕೆ 10. ನಾಲ್ಕನೆಯ ಪ್ಯಾಸೇಜ್ ಬಹಳ ಕಠಿಣ ಎನಿಸಿದರೆ ಬಿಟ್ಟುಬಿಡಿ. ಆಯ್ಕೆ ಇರುವ ಪ್ರಶ್ನೆಗಳಲ್ಲಿ 16 ಬರೆದು 12 ಸರಿಯಾದರೆ 36ರಲ್ಲಿ 4 ಹೋಗಿ 32. ಅದೇ ಅವಸರದಲ್ಲಿ ಇನ್ನೂ ನಾಲ್ಕು ಒತ್ತಿ, ನಾಲ್ಕೂ ತಪ್ಪಾದರೆ 28ಕ್ಕೆ ಇಳಿಯುತ್ತೀರಿ.

ಪರೀಕ್ಷೆ ಒಂದೇ ದಿನ ಮೂರು ಸರದಿಯಲ್ಲಿ ನಡೆಯುತ್ತದೆ: ಬೆಳಿಗ್ಗೆ 8.30, ಮಧ್ಯಾಹ್ನ 12.30, ಸಂಜೆ 4.30. ಪ್ರವೇಶ ಪತ್ರದಲ್ಲಿ ನಿಮ್ಮದು ಯಾವುದೆಂದು ಇರುತ್ತದೆ. ಅದು ಕೈಗೆ ಬಂದ ದಿನದಿಂದ ಮಾಕ್‌ಗಳನ್ನು ಅದೇ ಹೊತ್ತಿಗೆ ಬರೆಯಿರಿ. 12.30 ಆದರೆ ಊಟದ ಹೊತ್ತನ್ನೂ ಈಗಲೇ ಬದಲಿಸಿ. ಪರೀಕ್ಷೆಯ ದಿನ ಹೊರಡುವ ಮೊದಲು, ಹಿಂದೆ ಓದಿ ಇಷ್ಟಪಟ್ಟ ಪ್ರಬಂಧವೊಂದನ್ನು ಮತ್ತೊಮ್ಮೆ ನಿಧಾನವಾಗಿ ಓದಿ. ಮೊದಲ ವಿಭಾಗವೇ ವರ್ಬಲ್ ಆದ್ದರಿಂದ ಆ ದಿನ ನೀವು ಓದುವ ಮೊದಲ ಇಂಗ್ಲಿಷ್ ಪ್ಯಾರಾ ಪರೀಕ್ಷೆಯದ್ದೇ ಆಗಬಾರದು.