ಲೊಟಕೆ ಹೊಡೆದು ಗೋಡೆ ಗುರುತಿಸಲು ಕಲಿತದ್ದು

20ರ ವಯಸ್ಸಿಗೆ ನನಗೆ ಇರುಳುಗಣ್ಣು ಶುರುವಾಯಿತು. ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ಕಣ್ಣಿನ ಒಳಪರದೆ ನಿಧಾನವಾಗಿ ಹಾಳಾಗುವ ರೋಗ ಅಂದರು ಡಾಕ್ಟರು. 40 ಆಗುವಾಗ ಬೆಳಕು ಯಾವ ಕಡೆಯಿಂದ ಬರುತ್ತಿದೆ ಅನ್ನುವುದಷ್ಟೇ ತಿಳಿಯುತ್ತಿತ್ತು. ಬಿಳಿ ಕೋಲು ಹಿಡಿದೆ. ಕೋಲು ನೆಲದ ಸುದ್ದಿ ಚೆನ್ನಾಗಿ ಹೇಳುತ್ತದೆ. ಆದರೆ ನಿಂತ ಲಾರಿಯ ಹಿಂದಿನ ಹಲಗೆ ಎದೆ ಎತ್ತರದಲ್ಲಿ ಚಾಚಿಕೊಂಡಿದ್ದರೆ ಕೋಲು ಅದರ ಕೆಳಗೇ ಹೋಗಿಬಿಡುತ್ತದೆ. ಎರಡು ಸಲ ಪೆಟ್ಟು ತಿಂದ ಮೇಲೆ ನಾಲಿಗೆಯಿಂದ ಲೊಟಕೆ ಹೊಡೆದು, ಆ ಸದ್ದು ಎದುರಿನ ವಸ್ತುವಿಗೆ ತಾಗಿ ಮರಳುವುದನ್ನು ಕೇಳಿ ದಾರಿ ತಿಳಿಯುವುದನ್ನು ಕಲಿಯಲು ಕೂತೆ.

ಹುಮ್ಮಸ್ಸು ಕೊಟ್ಟವರು ಅಮೆರಿಕದ ಡೇನಿಯಲ್ ಕಿಶ್. 13 ತಿಂಗಳಾಗುವಷ್ಟರಲ್ಲೇ ಕ್ಯಾನ್ಸರ್‌ನಿಂದ ಅವರ ಎರಡೂ ಕಣ್ಣು ಹೋಗಿದ್ದವು. ಅವರು ಲೊಟಕೆ ಹೊಡೆಯುತ್ತಾ ಸೈಕಲ್ಲೇ ತುಳಿಯುತ್ತಾರೆ. ಅವರಂತೆ ಚಿಕ್ಕಂದಿನಿಂದ ರೂಢಿಯಿದ್ದರೆ ಮಾತ್ರ ಆಗುತ್ತದೇನೋ ಅಂದುಕೊಂಡಿದ್ದೆ. ಹಾಗಲ್ಲ. ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯದವರು 21ರಿಂದ 79 ವರ್ಷದವರಿಗೆ 10 ವಾರ ಕಲಿಸಿ ನೋಡಿದ್ದಾರೆ. ಕಣ್ಣಿದ್ದವರೂ ಕಲಿತರು, ಇಲ್ಲದವರೂ ಕಲಿತರು. ವಯಸ್ಸು ಅಡ್ಡ ಬರಲಿಲ್ಲ.

ಸದ್ದು ಮಾಡುವುದು ಸುಲಭ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಪಟ್ಟನೆ ಕೆಳಗೆ ಎಳೆಯಬೇಕು. ಗಾಡಿ ಹೊಡೆಯುವವರು ಎತ್ತಿಗೆ ಮಾಡುತ್ತಾರಲ್ಲ, ಹೆಚ್ಚು ಕಡಿಮೆ ಅದೇ. ಜೋರಾಗಿರಬೇಕಿಲ್ಲ, ಚಿಕ್ಕದಾಗಿ ಚುರುಕಾಗಿರಬೇಕು.

ಕೇಳಿಸಿಕೊಳ್ಳುವುದೇ ಕಷ್ಟ. ಮೊದಲ ಎರಡು ವಾರ ನನಗೆ ಏನೂ ಸಿಗಲಿಲ್ಲ. ಗೋಳಗುಮ್ಮಟದಲ್ಲಿ ಕೂಗಿದರೆ ಸ್ವಲ್ಪ ತಡೆದು ಮರುದನಿ ಬರುತ್ತದಲ್ವಾ, ಅಂಥದ್ದಕ್ಕೆ ಕಾಯುತ್ತಿದ್ದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 1 ಮೀಟರ್ ದೂರದ ಗೋಡೆಗೆ ಹೋಗಿ ಬರಲು ಸೆಕೆಂಡಿನ ಸಾವಿರದಲ್ಲಿ 6 ಪಾಲು ಸಾಕು. ಅಷ್ಟು ಬೇಗ ಬಂದದ್ದನ್ನು ಕಿವಿ ಬೇರೆ ಸದ್ದೆಂದು ಎಣಿಸುವುದಿಲ್ಲ. ಮರುದನಿ ಬೇರೆಯಾಗಿ ಕೇಳಬೇಕಾದರೆ ಗೋಡೆ ಸುಮಾರು 17 ಮೀಟರ್ ಆಚೆ ಇರಬೇಕು. ಹತ್ತಿರದ ಗೋಡೆ ನಮ್ಮ ಲೊಟಕೆಯ ಗುಣವನ್ನಷ್ಟೇ ಬದಲಿಸುತ್ತದೆ. ತೆಂಗಿನಕಾಯಿ ತಟ್ಟಿ ಬಲಿತಿದೆಯೋ ಇಲ್ಲವೋ ಹೇಳುವವರು ಯಾವ ಮರುದನಿಗೂ ಕಾಯುವುದಿಲ್ಲ. ಸದ್ದಿನ ಗುಣ ಕೇಳುತ್ತಾರೆ. ಇದೂ ಅಂಥದ್ದೇ ಕೆಲಸ.

ಅದು ನನಗೆ ತಿಳಿದದ್ದು ಊಟದ ತಟ್ಟೆಯಿಂದ. ನಾನು ಕುರ್ಚಿಯಲ್ಲಿ ಕೂತು "ಶ್..." ಅಂತ ಉಸಿರು ಬಿಡುತ್ತಿದ್ದೆ. ತಂಗಿ ಸ್ಟೀಲ್ ತಟ್ಟೆಯನ್ನು ನನ್ನ ಮುಖದ ಹತ್ತಿರ ತರುವಳು, ದೂರ ಒಯ್ಯುವಳು. ಹತ್ತಿರ ಬಂದಾಗ "ಶ್" ಬಿಗಿಯಾಗಿ ಮೇಲೇರುತ್ತಿತ್ತು. ಹೋದಾಗ ಸಡಿಲವಾಗುತ್ತಿತ್ತು. "ಅಣ್ಣಾ, ಈಗ ಇದೆಯಾ, ಇಲ್ವಾ?" ಅವಳು ಕೇಳುತ್ತಲೇ ಇದ್ದಳು. ದಿನಕ್ಕೆ ಅರ್ಧ ಗಂಟೆ. ಮೂರನೇ ವಾರದಲ್ಲಿ ತಪ್ಪು ಕಡಿಮೆಯಾಯಿತು. ಆಮೇಲೆ ಲೊಟಕೆಗೆ ಬಂದೆ.

ಮನೆಯೊಳಗೆ ಮೊದಲು ಸಿಕ್ಕಿದ್ದು ಕಬ್ಬಿಣದ ಬೀರು. ಅದರ ಮುಂದೆ ಲೊಟಕೆ ಗಡುಸಾಗಿ ಮರಳುತ್ತದೆ. ಸುತ್ತಿಟ್ಟ ಹಾಸಿಗೆ, ದಪ್ಪ ಪರದೆ ಸದ್ದನ್ನು ನುಂಗುತ್ತವೆ. ತೆರೆದ ಬಾಗಿಲು ಅಂದರೆ ಗೋಡೆಯ ಸಾಲಿನಲ್ಲಿ ಒಂದು ಖಾಲಿ ಜಾಗ. ತಲೆಯನ್ನು ಅತ್ತಿತ್ತ ತಿರುಗಿಸುತ್ತಾ ಹೊಡೆದರೆ ಆ ಜಾಗದ ಅಂಚು ಕೂಡ ಗೊತ್ತಾಗುತ್ತದೆ.

ಎಷ್ಟೋ ಸಲ ಗೋಡೆ ಕಿವಿಗೆ ಅಲ್ಲ, ಕೆನ್ನೆಗೆ ತಾಕಿದ ಹಾಗಿರುತ್ತದೆ. ಬಹಳ ಕಾಲ ಇದನ್ನು ಮುಖದ ಚರ್ಮದ ಶಕ್ತಿ ಎಂದೇ ನಂಬಿದ್ದರಂತೆ. 1940ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಮಾಡಿದರು. ಮುಖಕ್ಕೆ ದಪ್ಪ ಬಟ್ಟೆ ಮುಚ್ಚಿದರೂ ಗೋಡೆ ಗೊತ್ತಾಯಿತು. ಕಿವಿ ಮುಚ್ಚಿದರೆ ಪರೀಕ್ಷೆಗೆ ನಿಂತವರು ಗೋಡೆಗೆ ಡಿಕ್ಕಿ ಹೊಡೆದರು. ಇದನ್ನು ಓದಿದ ಮೇಲೆ ನನಗೆ ಧೈರ್ಯ ಬಂತು.

ಬಾವಲಿಯ ಹೆಸರು ಎಲ್ಲರೂ ಹೇಳುತ್ತಾರೆ. ಕೀಟ ಹಿಡಿಯುವ ಪುಟ್ಟ ಬಾವಲಿಗಳು ಗಂಟಲಿನಿಂದ ಕೂಗುತ್ತವೆ, ಆ ಕೂಗು ಹೆಚ್ಚಾಗಿ ನಮ್ಮ ಕಿವಿಗೆ ಕೇಳದಷ್ಟು ಕೀಚಲು. ಆಲದ ಮರದಲ್ಲಿ ಜೋತುಬಿದ್ದಿರುವ ದೊಡ್ಡ ತೊಗಲು ಬಾವಲಿಗಳಿಗೆ ಈ ವಿದ್ಯೆಯೇ ಇಲ್ಲ, ಅವು ಕಣ್ಣು ಮೂಗು ನಂಬಿ ಬದುಕುತ್ತವೆ. ಆದರೆ ಗುಹೆ, ಹಳೆ ಕಟ್ಟಡಗಳಲ್ಲಿ ಇರುವ ರೂಸೆಟಸ್ ಜಾತಿಯ ಹಣ್ಣುಬಾವಲಿ ನನ್ನ ಹಾಗೆಯೇ ನಾಲಿಗೆಯಿಂದ ಲೊಟಕೆ ಹೊಡೆಯುತ್ತದೆ. ಅದರ ಮೇಲೆ ನನಗೆ ತುಂಬಾ ಅಕ್ಕರೆ.

ಬೀದಿಗೆ ಇಳಿದಿದ್ದು ನಾಲ್ಕನೇ ತಿಂಗಳಲ್ಲಿ. ಕಾಂಪೌಂಡ್ ಗೋಡೆ, ನಿಂತ ಕಾರು, ದಪ್ಪ ಮರ ಸಿಗುತ್ತವೆ. ಚರಂಡಿ, ಗುಂಡಿ, ಕೆಳಗಿಳಿಯುವ ಮೆಟ್ಟಿಲು ಸಿಗುವುದಿಲ್ಲ. ಆದ್ದರಿಂದ ಕಲಿಯುವವರಿಗೆ ಕೈಮುಗಿದು ಹೇಳುತ್ತೇನೆ, ಕೋಲು ಬಿಡಬೇಡಿ. ಮಾರ್ಕೆಟ್ಟಿನ ಗದ್ದಲದಲ್ಲಿ ಲೊಟಕೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಶೀತವಾಗಿ ಕಿವಿ ಕಟ್ಟಿದ ದಿನ ಒಬ್ಬನೇ ಹೊರಗೆ ಹೋಗುವುದಿಲ್ಲ. ಕೊಡೆ ಹಿಡಿದರೆ ತಲೆಯ ಮೇಲೆಯೇ ಇನ್ನೊಂದು ಗೋಡೆ ಬಂದ ಹಾಗೆ, ಎಲ್ಲಾ ಕಲಸಿಹೋಗುತ್ತದೆ. ಮಳೆಗಾಲದಲ್ಲಿ ರೈನ್‌ಕೋಟ್ ಹಾಕುತ್ತೇನೆ, ಟೋಪಿ ಮಾತ್ರ ಕಿವಿಯಿಂದ ಹಿಂದಕ್ಕೆ.

ಈಗ ತಂತಿ ಬೇಲಿಯನ್ನು ಗುರುತಿಸಲು ಕಲಿಯುತ್ತಿದ್ದೇನೆ. ಸದ್ದಿನ ಹೆಚ್ಚು ಭಾಗ ತಂತಿಗಳ ನಡುವೆ ತೂರಿ ಹೋಗುತ್ತದೆ, ತೆಳುವಾದ ಒಂದು ಗರಗರ ಮಾತ್ರ ಮರಳುತ್ತದೆ. ಪಾರ್ಕಿನ ಬೇಲಿ ಎದುರು ಬೆಳಿಗ್ಗೆ ಆರಕ್ಕೇ ಹೋಗಿ ನಿಲ್ಲುತ್ತೇನೆ, ಆಗ ವಾಹನ ಕಡಿಮೆ. ಹತ್ತರಲ್ಲಿ ಆರು ಸಲ ಸಿಗುತ್ತಿದೆ.