ಜಾತ್ರೆಯಲ್ಲಿ ಹರಿದ ಸರ, ಅಲ್ಲಿಂದ ನಾನು ಕಲಿತ ಮಣಿ ಕೆಲಸ

ದುಗ್ಗಮ್ಮನ ಜಾತ್ರೆ ನಮ್ಮ ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ. ಆಗ ಯಾರ ಮನೆಯಲ್ಲೂ ಕಾಲಿಡಲು ಜಾಗ ಇರುವುದಿಲ್ಲ, ಬೀಗರು, ನೆಂಟರು, ಅವರ ಜೊತೆ ಬಂದವರು, ಎಲ್ಲ ಸೇರಿ ಮನೆ ತುಂಬಾ ಜನ. ಅಂಥ ಒಂದು ಜಾತ್ರೆಗೆ ನಾದಿನಿ ಮಗಳಿಗೆ ಅಂತ ನಾನೇ ಕೈಯಾರೆ ಒಂದು ಸರ ಮಾಡಿದ್ದೆ. ಎರಡೆಳೆ ಸರ, 6 ಮಿ.ಮೀ. ಹಸಿರು ಗಾಜಿನ ಮಣಿ, ನಡುನಡುವೆ ಬಂಗಾರದ ಬಣ್ಣದ ಗುಂಡು, ಕೆಳಗೊಂದು ಪುಟ್ಟ ಪದಕ. ನಾನು ಮಣಿ ಪೋಣಿಸಲು ಶುರು ಮಾಡಿ ಆಗ ನಾಲ್ಕೇ ತಿಂಗಳು. ಹುಡುಗಿಗೆ 11 ವರ್ಷ, ಸರ ಹಾಕಿಕೊಂಡವಳು ಕನ್ನಡಿ ಬಿಟ್ಟು ಕದಲಲಿಲ್ಲ.

ಸಂಜೆ ಗುಡಿ ಹತ್ತಿರ ನೂಕುನುಗ್ಗಲು. ಅವಳ ವೇಲು ಸರಕ್ಕೆ ಸಿಕ್ಕಿಕೊಂಡಿತು, ಸುಮ್ನೆ ಒಂದು ಸಣ್ಣ ಜಗ್ಗು ಅಷ್ಟೇ, ಪಟ್ ಅಂತ ಹರಿದು ಮಣಿಯೆಲ್ಲ ರಸ್ತೆ ಪಾಲು. ನಾನು ನಾದಿನಿ ಇಬ್ಬರೂ ಜನರ ಕಾಲುಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಸಿಕ್ಕಷ್ಟು ಆರಿಸಿ ಸೆರಗಿಗೆ ಕಟ್ಟಿಕೊಂಡು ಬಂದೆವು. ಮನೆಗೆ ಬಂದು ಎಣಿಸಿದರೆ 130ರಲ್ಲಿ 96 ಹಸಿರು ಮಣಿ ಉಳಿದಿತ್ತು. "ಪರ್ವಾಗಿಲ್ಲ ಬಿಡಿ ಅತ್ತೆ" ಅಂದಳು ಹುಡುಗಿ. ಅವಳು ಅತ್ತಿದ್ದರೇ ನನಗೆ ಸಮಾಧಾನ ಆಗುತ್ತಿತ್ತೇನೋ, ಆ ಮಾತು ಕೇಳಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ನಾನು ಬಳಸಿದ್ದು ಹೊಲಿಗೆ ದಾರ, ಎರಡೆಳೆ ಮಾಡಿ. ಮಣಿ ಚೆನ್ನಾಗಿದ್ದರೆ ಸರ ಚೆನ್ನಾಗಿರುತ್ತದೆ ಅಂತ ಅಂದುಕೊಂಡಿದ್ದೆ. ದುಡ್ಡೆಲ್ಲ ಮಣಿಗೆ ಹಾಕಿದ್ದೆ, ದಾರ ಮಾತ್ರ ಮಿಷನ್ ಡಬ್ಬಿಯಲ್ಲಿ ಬಿದ್ದಿದ್ದ ರೀಲು. ಹರಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಕತ್ತರಿಸಿದ ಹಾಗೆ ಇರಲಿಲ್ಲ, ಹತ್ತಿ ಬತ್ತಿಯ ತುದಿಯ ಹಾಗೆ ಜೂಲು ಜೂಲಾಗಿತ್ತು. ಅಂದರೆ ಅದು ಜಗ್ಗಿದ್ದಕ್ಕೆ ಹರಿದದ್ದಲ್ಲ, ಮೊದಲೇ ಸವೆದಿತ್ತು.

ಜಾತ್ರೆ ಮುಗಿದ ಮೇಲೆ ಆ ಮಣಿಗಳನ್ನು ಪೊಟ್ಟಣ ಕಟ್ಟಿಕೊಂಡು ಚೌಕಿಪೇಟೆ ಕಡೆ ಹೋದೆ. ಅಲ್ಲಿ ಒಬ್ಬ ಹಿರಿಯರು ತಾಳಿ ಸರ, ಕರಿಮಣಿ ಸರ ಪೋಣಿಸಿಕೊಡುತ್ತಾರೆ, ನಮ್ಮಮ್ಮನ ಕರಿಮಣಿಯನ್ನೂ ಅವರೇ ಕಟ್ಟಿಕೊಟ್ಟದ್ದು. ಹಳೇ ಕಾಲದ ಕೆಲಸಗಾರರು. ಕಾಲಿನ ಹೆಬ್ಬೆರಳಿಗೆ ದಾರ ಸುತ್ತಿ ಬಿಗಿ ಹಿಡಿದುಕೊಂಡೇ ಗಂಟು ಹಾಕುತ್ತಾರೆ, ಎರಡೂ ಕೈ ಖಾಲಿ ಇರುತ್ತದಲ್ಲ. ನನ್ನ ಹಸಿರು ಮಣಿ ಒಂದನ್ನು ತಗೊಂಡು ಬಲ್ಬಿಗೆ ಹಿಡಿದು ತೂತಿನೊಳಗೆ ನೋಡಿದರು. ಆಮೇಲೆ ಒಂದು ದಾರ ಪೋಣಿಸಿ ಮಣಿಯನ್ನು ಹಿಂದೆ ಮುಂದೆ ಹತ್ತಿಪ್ಪತ್ತು ಸಲ ಎಳೆದಾಡಿಸಿ ದಾರವನ್ನು ನನ್ನ ಕೈಗೆ ಕೊಟ್ಟರು. ಅಷ್ಟರಲ್ಲೇ ಅದು ಮೆತ್ತಗಾಗಿ ನಾರು ಎದ್ದಿತ್ತು.

"ನೋಡವ್ವ ತಂಗಿ, ಮಣಿ ಬಾಯಿ ಹರಿತ ಐತಿ. ಇದು ದಾರ ತಿಂತೈತಿ. ಹಾಕ್ಕೊಂಡು ಓಡಾಡಿದಷ್ಟೂ ತಿಂತೈತಿ" ಅಂದರು.

ಗಾಜಿನ ಮಣಿಯ ತೂತಿನ ಅಂಚು ನುಣ್ಣಗಿಲ್ಲದಿದ್ದರೆ ಅದು ಗರಗಸದ ಹಾಗೆ ಕೆಲಸ ಮಾಡುತ್ತದೆ ಅಂತ ನನಗೆ ಗೊತ್ತಾಗಿದ್ದು ಅವತ್ತೇ. ಇನ್ನೊಂದು ಮಾತು ಹೇಳಿದರು, "ಇಡೀ ಸರಾನ ಒಂದೇ ಗಂಟಿನ ಮ್ಯಾಲೆ ನಿಲ್ಲಿಸ್ಬ್ಯಾಡ." ಮುತ್ತಿನ ಸರದಲ್ಲಿ ಪ್ರತಿ ಮುತ್ತಿಗೂ ಒಂದು ಗಂಟು ಯಾಕಿರುತ್ತದೆ ಅಂತ ತೋರಿಸಿದರು. ಒಂದು ಕಡೆ ಹರಿದರೆ ಒಂದೇ ಮುತ್ತು ಬೀಳುತ್ತದೆ, ಮಿಕ್ಕದ್ದು ಇದ್ದಲ್ಲೇ ಇರುತ್ತದೆ. ಜೊತೆಗೆ ಮುತ್ತಿಗೆ ಮುತ್ತು ಉಜ್ಜಿ ಹೊಳಪು ಹೋಗುವುದೂ ತಪ್ಪುತ್ತದೆ. ಗಂಟು ಮುತ್ತಿಗೆ ಅಂಟಿಕೊಂಡೇ ಕೂರಬೇಕಲ್ಲ, ಅದಕ್ಕೆ ಸಡಿಲ ಗಂಟು ಹಾಕಿ, ಅದರೊಳಗೆ ಸೂಜಿ ತೂರಿಸಿ, ಸೂಜಿಯಿಂದಲೇ ಗಂಟನ್ನು ಮುತ್ತಿನವರೆಗೆ ತಳ್ಳಿಕೊಂಡು ಹೋಗಿ, ಬಿಗಿಯಾಗುವ ಹೊತ್ತಿಗೆ ಸೂಜಿ ಹೊರಗೆ ಎಳೆಯಬೇಕು. ಬರೆದಷ್ಟು ಸುಲಭ ಅಲ್ಲ. ನನಗೆ ಕೈ ಕೂರಲು ಮೂರು ವಾರ ಬೇಕಾಯಿತು, ಬೇಡದ ಪ್ಲಾಸ್ಟಿಕ್ ಮಣಿ ಇಟ್ಟುಕೊಂಡು ದಿನಾ ರಾತ್ರಿ ಅಡುಗೆ ಮನೆ ಕೆಲಸ ಮುಗಿದ ಮೇಲೆ ಒಂದು ಗಂಟೆ ಬರೀ ಗಂಟು ಹಾಕಿ ಬಿಚ್ಚಿದ್ದೇನೆ.

ಅಲ್ಲಿಂದ ಮುಂದೆ ಅಂಗಡಿಗೆ ಹೋದರೆ ಮೊದಲು ನೋಡುವುದು ದಾರ. ಗಾಜಿಗೆ, ಕಲ್ಲಿನ ಮಣಿಗೆ ನಾನು ಈಗ ಗೇರ್ ವೈರ್ ಬಿಟ್ಟು ಬೇರೆ ಹಾಕುವುದಿಲ್ಲ. ಸಣ್ಣ ಸಣ್ಣ ಉಕ್ಕಿನ ಎಳೆಗಳನ್ನು ಹೊಸೆದು ಮೇಲೆ ನೈಲಾನ್ ಲೇಪ ಕೊಟ್ಟಿರುತ್ತಾರೆ, ಮಣಿ ಅದನ್ನು ಅಷ್ಟು ಬೇಗ ತಿನ್ನಲಾರದು. ಇದಕ್ಕೆ ಗಂಟು ನಿಲ್ಲುವುದಿಲ್ಲ, ಗೇರ್ ಲಾಕ್ ಬೇಕು. ಲಾಕ್ ಅಂದರೆ ಸಾಸಿವೆ ಕಾಳಿನಷ್ಟು ಲೋಹದ ಕೊಳವೆ. ವೈರಿಗೆ ಮೊದಲು ಲಾಕ್ ಏರಿಸಿ, ಆಮೇಲೆ ಕೊಂಡಿ, ಆಮೇಲೆ ತುದಿಯನ್ನು ಮತ್ತೆ ಅದೇ ಲಾಕಿನೊಳಗೆ ವಾಪಸ್ ತಂದು ಪ್ಲೈಯರಿನಲ್ಲಿ ಒತ್ತಬೇಕು. ಎರಡು ವೈರ್ ಪಕ್ಕಪಕ್ಕ ಇರಬೇಕು, ಒಳಗೆ ಒಂದರ ಮೇಲೊಂದು ಅಡ್ಡ ಬಿದ್ದಿದ್ದರೆ ಒತ್ತಿದಾಗ ಒಂದು ಇನ್ನೊಂದನ್ನು ಕಡಿಯುತ್ತದೆ. ಉಳಿದ ಬಾಲವನ್ನು ಲಾಕಿನ ಹತ್ತಿರವೇ ಕತ್ತರಿಸಬೇಡಿ. ನಾಲ್ಕೈದು ಮಣಿ ಒಳಗೆ ತೂರಿಸಿ ಆಮೇಲೆ ಕತ್ತರಿಸಿ, ಇಲ್ಲದಿದ್ದರೆ ಕುತ್ತಿಗೆಗೆ ಮುಳ್ಳಿನ ಹಾಗೆ ಚುಚ್ಚುತ್ತದೆ. ಕೊನೆಯ ಲಾಕ್ ಒತ್ತುವ ಮೊದಲು ಒಂದೆರಡು ಮಿ.ಮೀ. ಸಡಿಲ ಬಿಡಬೇಕು. ಪೂರ್ತಿ ಬಿಗಿ ಮಾಡಿದ ಸರ ಕೊರಳಲ್ಲಿ ಇಳಿಬೀಳುವುದಿಲ್ಲ, ಕೋಲಿನ ಹಾಗೆ ಸೆಟೆದು ನಿಲ್ಲುತ್ತದೆ, ಮಣಿ ಮಣಿ ಒತ್ತಿ ವೈರ್ ಬೇಗ ಮುರಿಯುತ್ತದೆ.

ತಂಗೂಸಿ, ಅಂದರೆ ಗಾಳದ ದಾರದಂಥ ನೈಲಾನ್ ಎಳೆ, ಹಗುರ ಮಣಿಗೆ ಸರಿ. ಮಕ್ಕಳ ಬಳೆ, ಬಾಗಿಲ ತೋರಣ, ಇಂಥದ್ದಕ್ಕೆ ಅಡ್ಡಿಯಿಲ್ಲ. ಆದರೆ ಹಳೇ ತಂಗೂಸಿ ಒಣಗಿ ಪೆಡಸಾಗುತ್ತದೆ, ಬಿಸಿಲಿಗೆ ಇಟ್ಟರೆ ಇನ್ನೂ ಬೇಗ. ಒಂದು ಅಂಗಡಿಯಲ್ಲಿ ನನಗೆ ಎಷ್ಟು ವರ್ಷದ್ದೋ ಏನೋ ಒಂದು ಉಂಡೆ ಕೊಟ್ಟಿದ್ದರು, ಗಂಟು ಹಾಕಿದಲ್ಲೆಲ್ಲ ಲಟ್ ಅಂತ ಮುರಿಯಿತು. ಈಗ ಕೊಳ್ಳುವ ಮೊದಲು ಒಂದು ಗೇಣು ಬಿಚ್ಚಿ ಗಂಟು ಹಾಕಿ ಜಗ್ಗಿ ನೋಡುತ್ತೇನೆ. ಕೆಲವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಎಲಾಸ್ಟಿಕ್ ಕೈಸರ ಮಾಡುವವರಿಗೆ ಒಂದೇ ಮಾತು, ಪೋಣಿಸುವ ಮೊದಲೇ ಎಲಾಸ್ಟಿಕ್ಕನ್ನು ನಾಲ್ಕೈದು ಸಲ ಚೆನ್ನಾಗಿ ಎಳೆದು ಬಿಡಿ. ಹಾಗೆ ಮಾಡದಿದ್ದರೆ ವಾರದಲ್ಲಿ ಅದು ತಾನಾಗಿ ಹಿಗ್ಗಿ ಮಣಿಗಳ ನಡುವೆ ದಾರ ಕಾಣುತ್ತದೆ. ಗಂಟಿನಲ್ಲಿ ಒಂದು ಸುತ್ತು ಜಾಸ್ತಿ ಹಾಕಿ, ಮೇಲೆ ಒಂದು ಹನಿ ಅಂಟು ಬಿಟ್ಟು, ಒಣಗಿದ ಮೇಲೆ ಗಂಟನ್ನು ದೊಡ್ಡ ತೂತಿನ ಮಣಿಯೊಳಗೆ ಎಳೆದು ಮುಚ್ಚಿ.

ಸಣ್ಣ ಮಣಿ, ಸೀಡ್ ಬೀಡ್ಸ್ ಅಂತಾರಲ್ಲ, ಅದರ ಅಳತೆ ಮೊದಮೊದಲು ನನಗೆ ತಲೆಗೆ ಹೋಗಲಿಲ್ಲ. ನಂಬರ್ ಜಾಸ್ತಿ ಆದಷ್ಟೂ ಮಣಿ ಸಣ್ಣದು. 11 ನಂಬರಿನದು ಹತ್ತಿರ ಹತ್ತಿರ 2 ಮಿ.ಮೀ., 8 ನಂಬರಿನದು 3, 6 ನಂಬರಿನದು 4. ಕಲಿಯುವವರು 8 ಅಥವಾ 6ರಿಂದ ಶುರು ಮಾಡಿ, 11ರಲ್ಲಿ ಗ್ರಾಮಿಗೆ ನೂರರ ಮೇಲೆ ಮಣಿ ಬರುತ್ತವೆ, ಕಣ್ಣು ಸೋಲುತ್ತದೆ. ಮನೆಯ ಹೊಲಿಗೆ ಸೂಜಿ 11ರ ತೂತಿಗೆ ಇಳಿಯುವುದಿಲ್ಲ, ಅದಕ್ಕೇ ಅಂತ ಬರುವ ತೆಳು ಸೂಜಿ ತರಬೇಕು. ಸೂಜಿ ಸಿಗದ ದಿನ ನಾನು ದಾರದ ತುದಿಯನ್ನು ಒಂದು ಇಂಚು ಉಗುರು ಬಣ್ಣದಲ್ಲಿ ಅದ್ದಿ, ಒಣಗಿಸಿ, ಓರೆಯಾಗಿ ಕತ್ತರಿಸುತ್ತೇನೆ. ಅದೇ ಸೂಜಿಯಾಗುತ್ತದೆ. ನಮ್ಮ ದೇಶದ ಗಾಜಿನ ಮಣಿ ಹೆಚ್ಚಾಗಿ ಉತ್ತರ ಪ್ರದೇಶದ ಕಡೆಯಿಂದ ಬರುತ್ತದೆ, ಬೆಲೆ ಕಡಿಮೆ, ಬಣ್ಣ ಚೆಂದ, ಆದರೆ ಒಂದೇ ಪೊಟ್ಟಣದಲ್ಲಿ ದಪ್ಪ ತೆಳು ಎರಡೂ ಇರುತ್ತದೆ. ಜಪಾನಿನ ಮಿಯುಕಿ, ಟೊಹೊ ಮಣಿಗಳು ಒಂದೇ ಅಚ್ಚಿನಲ್ಲಿ ಎರೆದ ಹಾಗೆ, ಬೆಲೆಯೂ ಹಾಗೇ. ಹೆಣೆಯುವ ಕೆಲಸಕ್ಕೆ ಸಮ ಮಣಿಯೇ ಬೇಕು, ಸುಮ್ನೆ ಪೋಣಿಸುವ ಸರಕ್ಕೆ ನಮ್ಮದೇ ಸಾಕು. ಮಣಿ ಹರಡಿಕೊಳ್ಳಲು ನಾನು ಊಟದ ಸ್ಟೀಲ್ ತಟ್ಟೆಗೆ ಟರ್ಕಿ ಟವೆಲ್ ಹಾಸುತ್ತೇನೆ, ಒಂದೂ ಉರುಳುವುದಿಲ್ಲ.

ಕಿವಿಗೆ ಮಾಡುವಾಗ ಮಾತ್ರ ದಯವಿಟ್ಟು ಅಗ್ಗದ ಕೊಂಡಿ ಹಾಕಬೇಡಿ. ನನ್ನ ಗೆಳತಿಗೆ ಮಾಡಿಕೊಟ್ಟ ಜುಮುಕಿಯಿಂದ ಎರಡೇ ದಿನದಲ್ಲಿ ಅವಳ ಕಿವಿ ಕೆಂಪಗಾಗಿ ಸೋರಲು ಶುರುವಾಯಿತು. ತುಂಬಾ ಜನಕ್ಕೆ ನಿಕ್ಕಲ್ ಆಗಿಬರುವುದಿಲ್ಲ, ನಮ್ಮ ಊರಿನ ಏಪ್ರಿಲ್ ಬಿಸಿಲಿಗೆ ಬೆವರು ಸೇರಿದರೆ ಇನ್ನೂ ಜಾಸ್ತಿ. ಈಗ ಒಳ್ಳೇ ಸ್ಟೀಲ್ ಕೊಂಡಿ, ಇಲ್ಲ ಬೆಳ್ಳಿ ಕೊಂಡಿ. ಕೊಂಡಿಗೆ ಜುಮುಕಿ ಸಿಕ್ಕಿಸುವ ಪುಟ್ಟ ರಿಂಗಿನ ಬಾಯಿ ತೆಗೆಯುವಾಗ ಎರಡು ತುದಿಯನ್ನು ಅಗಲಿಸಬೇಡಿ, ಬಾಗಿಲು ತೆಗೆದ ಹಾಗೆ ಒಂದನ್ನು ನಿಮ್ಮ ಕಡೆಗೆ, ಇನ್ನೊಂದನ್ನು ಆಚೆಗೆ ತಿರುಗಿಸಿ. ಅಗಲಿಸಿದ ರಿಂಗ್ ಮತ್ತೆ ದುಂಡಗಾಗುವುದಿಲ್ಲ, ಆ ಸಂದಿನಲ್ಲೇ ಜುಮುಕಿ ಜಾರಿ ಬೀಳುವುದು.

ಸೀರೆ ಕುಚ್ಚು, ಗೆಜ್ಜೆವಸ್ತ್ರ, ರೇಷ್ಮೆ ದಾರದ ಬಳೆ, ಇವನ್ನೂ ನಡುವೆ ಮಾಡುತ್ತಿರುತ್ತೇನೆ. ಗೆಜ್ಜೆವಸ್ತ್ರದ ಹತ್ತಿ ಹಿಡಿದಾಗ ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಲೇ ಹೆಸರಾಗಿದ್ದ ಈ ಊರು, ಗಿರಣಿಯ ಸೈರನ್ ಕೇಳಿ ಹೊತ್ತು ಗೊತ್ತು ಮಾಡಿಕೊಳ್ಳುತ್ತಿದ್ದೆವು ಅನ್ನುವ ನಮ್ಮತ್ತೆಯ ಮಾತು ನೆನಪಾಗುತ್ತದೆ. ಆದರೆ ನನ್ನ ಜೀವ ಇರುವುದು ಸರದಲ್ಲೇ.

ಬಣ್ಣದ ವಿಷಯ ಒಂದು ಹೇಳಲೇಬೇಕು. ನಾದಿನಿ ಮೊಳಕಾಲ್ಮೂರು ರೇಷ್ಮೆ ಸೀರೆ ತಗೊಂಡು ಅದಕ್ಕೆ ಹೊಂದುವ ಸರ ಕೇಳಿದಳು. ಸೀರೆ ಒಡಲು ಅರಿಶಿನ, ಅಂಚು ಕಡುಗೆಂಪು. ನಾನು ಟ್ಯೂಬ್‌ಲೈಟಿನ ಬೆಳಕಲ್ಲಿ ಕೆಂಪು ಮಣಿ ಆರಿಸಿ ಪೋಣಿಸಿ ಇಟ್ಟೆ. ಬೆಳಗ್ಗೆ ಬಾಗಿಲಲ್ಲಿ ಹಿಡಿದು ನೋಡಿದರೆ ಅಂಚು ದಾಳಿಂಬೆ ಕೆಂಪು, ಮಣಿ ಇಟ್ಟಿಗೆ ಕೆಂಪು. ಪೂರ್ತಿ ಬಿಚ್ಚಿದೆ. ಮಣಿ ಆರಿಸುವುದು ಹಗಲು ಬೆಳಕಿನಲ್ಲಿ, ಸೀರೆಯನ್ನು ಪಕ್ಕದಲ್ಲಿಟ್ಟುಕೊಂಡೇ. ಅಂಚಿನ ಬಣ್ಣ ಸರದಲ್ಲಿ ಮುಕ್ಕಾಲು ಪಾಲು, ಒಡಲಿನ ಬಣ್ಣ ಅಲ್ಲಲ್ಲಿ, ನನ್ನ ಕಣ್ಣಿಗೆ ಇದೇ ಹೆಚ್ಚು ಒಪ್ಪುತ್ತದೆ.

ಅದೇ ಮೊಳಕಾಲ್ಮೂರು ತಾಲೂಕಿನಲ್ಲಿ ಬ್ರಹ್ಮಗಿರಿ ಇದೆಯಲ್ಲ, ಅಶೋಕನ ಶಾಸನ ಇರುವ ಜಾಗ. ಅಲ್ಲೂ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲೂ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಮಡಕೆ ಚೂರು, ನಾಣ್ಯಗಳ ಜೊತೆ ಮಣಿಗಳೂ ಸಿಕ್ಕಿದ್ದವು, ಕಲ್ಲಿನವು, ಗಾಜಿನವು. ಇದನ್ನು ಓದಿದ ದಿನ ನನಗೆ ಮೈ ಜುಮ್ಮೆಂದಿತು. ಸಾವಿರಾರು ವರ್ಷದ ಹಿಂದೆ ನಮ್ಮ ಈ ಬಯಲುಸೀಮೆಯಲ್ಲೇ ಯಾರೋ ಒಬ್ಬರು ಕೂತು ಕಲ್ಲಿಗೆ ತೂತು ಕೊರೆದು ಪೋಣಿಸಿದ್ದಾರೆ. ಅವರ ದಾರ ಯಾವುದಿತ್ತೋ, ಹೇಗೆ ಗಂಟು ಹಾಕಿದ್ದರೋ, ನನಗೆ ಅದೇ ಯೋಚನೆ. ದಾರ ಮಣ್ಣಲ್ಲಿ ಮಣ್ಣಾಗಿ ಹೋಗುತ್ತದೆ, ಮಣಿ ಉಳಿಯುತ್ತದೆ.

ಹುಡುಗಿಯ ಸರ ಏನಾಯಿತು ಅಂತ ಹೇಳಲಿಲ್ಲ. ಆ 96 ಮಣಿಯನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ, 20 ಮಣಿಗೆ ಬಾಯಿ ತೀರಾ ಹರಿತ ಇತ್ತು, ತೆಗೆದಿಟ್ಟೆ. ಉಳಿದ 76ರಲ್ಲಿ ಎರಡೆಳೆ ಆಗುವುದಿಲ್ಲ. ಗೇರ್ ವೈರಿನಲ್ಲಿ ಒಂದೆಳೆ ಮಾಡಿ, ಕೊಂಡಿಯ ಹತ್ತಿರ ಎರಡೂ ಕಡೆ ನುಣುಪು ತೂತಿನ ಗುಂಡು ಹಾಕಿದೆ, ಜಗ್ಗಾಟ ಜಾಸ್ತಿ ಬೀಳುವುದು ಅಲ್ಲೇ. ಕಟ್ಟಿ ಮುಗಿದ ಮೇಲೆ ಗೂಟಕ್ಕೆ ನೇತುಹಾಕಿ ಕೆಳಗೆ ಅರ್ಧ ಕೆ.ಜಿ. ಅಕ್ಕಿ ಚೀಲ ಕಟ್ಟಿ ಒಂದು ರಾತ್ರಿ ಬಿಟ್ಟೆ. ಬೆಳಗ್ಗೆ ಎದ್ದು ಮೊದಲು ನೋಡಿದ್ದು ಅದನ್ನೇ, ಹಾಗೇ ಇತ್ತು. ಮುಂದಿನ ಜಾತ್ರೆಗೆ ಅವಳು ಅದೇ ಸರ ಹಾಕಿಕೊಂಡಳು. ಆಗ ಅವಳಿಗೆ 13. ಗುಡಿ ಹತ್ತಿರ ಹೋದಾಗ ಒಂದು ಕೈ ಸರದ ಮೇಲೇ ಇಟ್ಟುಕೊಂಡಿದ್ದಳು. "ಕೈ ತೆಗಿಯೇ, ಏನೂ ಆಗಲ್ಲ" ಅಂದೆ. ನನ್ನ ಮುಖ ನೋಡಿ, ನಿಧಾನಕ್ಕೆ ಕೈ ತೆಗೆದಳು.

ತೆಗೆದಿಟ್ಟ ಆ 20 ಮಣಿ ಈಗ ನಮ್ಮ ದೇವರ ಮನೆಯ ತೋರಣದಲ್ಲಿವೆ. ಅಲ್ಲಿ ಯಾರೂ ಜಗ್ಗುವುದಿಲ್ಲ.